ಮುಂದೆ ನಡೆದ ಕಿತ್ತಳೆ ಕೋಟು

ನನ್ನ ಬಳಿ ಕನ್ನಡಕ ಇರಲಿಲ್ಲ. ಇದ್ದದ್ದು ಒಂದು ಜೊತೆ ಕಾಂಟ್ಯಾಕ್ಟ್ ಲೆನ್ಸ್. ಬೇಟೆಗೆಂದು ಹೋಗಿದ್ದ ಅಮೆರಿಕದ ಐಡಾಹೊ ಬೆಟ್ಟದ ಚಳಿಗೆ ಹೆಪ್ಪುಗಟ್ಟದಿರಲೆಂದು ಅದರ ಡಬ್ಬಿಯನ್ನು ಕಾಲುಚೀಲದಲ್ಲಿಟ್ಟು ಎದೆಗವಚಿ ಮಲಗುತ್ತಿದ್ದೆ. ಒಂದು ರಾತ್ರಿ ಭಾವ ಹಾರ್ಲನ್ ತಮಾಷೆಗೆಂದು ಅದನ್ನು ಕದ್ದು ಹಿಮದಲ್ಲಿಟ್ಟ. ಬೆಳಿಗ್ಗೆ ಲೆನ್ಸ್ ಬೆರಳಲ್ಲೇ ಚೂರಾದವು.

“ಕುರುಡಪ್ಪಾ, ಇವತ್ತು ಎಲ್ಕ್ ಜಿಂಕೆಯ ವಾಸನೆ ಹಿಡಿದು ಹೊಡಿ!” ಎಂದು ನಗುತ್ತಾ ಡೇರೆಯಿಂದ ಹೊರಗೆ ಹೋದ.

ಮಂಜಿನಲ್ಲಿ ಅವನ ಕಿತ್ತಳೆ ಬೇಟೆಕೋಟು ಮಾತ್ರ ಮಸುಕಾಗಿ ಕಂಡಿತು. ಅದರ ಹಿಂದೆಯೇ ಏರಿದೆ. ಹಿಮ ನನ್ನ ಕಾಲ ಕೆಳಗಷ್ಟೇ ಕರಕರ ಎನ್ನುತ್ತಿತ್ತು.

ಹಿಂದೆ ಡೇರೆಯ ಬಳಿಯಿಂದ ಹಾರ್ಲನ್ ಕೂಗಿದ: “ಲೋ, ಎಲ್ಲಿಗೋ? ಯಾವನೋ ಅವನು, ನಿನ್ನ ಮುಂದೆ?”

ಮುಂದಿನ ಕೋಟು ನಿಂತಿತು. ಹಾರ್ಲನ್ ಕೋವಿ ಹಿಡಿದು ಬೈಯುತ್ತಾ ನನ್ನನ್ನು ದಾಟಿ ಅದರತ್ತ ನಡೆದ. ಎರಡು ಕಿತ್ತಳೆ ಕಲೆಗಳು ಒಂದಾದವು. ಬೈಗುಳ ನಿಂತಿತು.

ಹಾರ್ಲನ್‌ನನ್ನು ಹುಡುಕಲು ಬಂದವರು, “ಇನ್ನೊಬ್ಬ ಹೇಗಿದ್ದ?” ಎಂದರು.

“ಕಿತ್ತಳೆ ಬಣ್ಣ,” ಎಂದೆ.

ಅವರು ಬರೆದುಕೊಂಡರು: ಕಳೆದದ್ದು ಒಬ್ಬ ಮನುಷ್ಯ, ಒಂದು ಕೋವಿ.