ಯಾಳಿ ಹಂಚಿದ ಬೆಳಕು

ಬನ್ನಿ ಮಕ್ಕಳೇ, ಮೊಬೈಲು ಕೆಳಗಿಟ್ಟು ಹತ್ತಿರ ಕೂತುಕೊಳ್ಳಿ. ನೆಟ್ಟು ಸುತ್ತುತ್ತಿದ್ದರೆ ಅದರ ಪಾಡಿಗೆ ಸುತ್ತಲಿ, ಕತೆಗೆ ಅದು ಬೇಕಾಗಿಲ್ಲ. ಇದು ಇಡೀ ಅರಮನೆಗೆ ಒಂದೇ ಎಳೆ ಬೆಳಕು ಬರುತ್ತಿದ್ದ ಕಾಲದ ಮಾತು.

ಬಹಳ ಹಿಂದೆ ಮುತ್ತಿನಗಿರಿ ಅಂತ ಒಂದು ರಾಜ್ಯ. ಬೊಪ್ಪರಾಯ ಅದರ ದೊರೆ. ಅವನ ಅರಮನೆ ಬಾಗಿಲಲ್ಲಿ ಕಲ್ಲಿನ ಯಾಳಿಯೊಂದು ಕೂತಿತ್ತು. ಸಿಂಹದ ಮೈ, ಆನೆಯ ಸೊಂಡಿಲು. ಏಳು ಬೆಟ್ಟದ ಆಚೆಯಿಂದ ಬೆಳಕಿನ ಒಂದು ಎಳೆ ಬಂದು ಅದರ ಬಾಯಿ ಸೇರುತ್ತಿತ್ತು. ಯಾಳಿ ಆ ಬೆಳಕನ್ನು ಅರಮನೆಯ ಮಾಯಗನ್ನಡಿಗಳಿಗೆ ಹಂಚುತ್ತಿತ್ತು. ಬೆಳಕು ತುಂಬಿದ ಕನ್ನಡಿಯಲ್ಲಿ ದೂರದೇಶದವರು ಎದುರಿಗೆ ಕೂತ ಹಾಗೆ ಕಾಣುತ್ತಿದ್ದರು, ಮಾತಾಡುತ್ತಿದ್ದರು.

ದೊರೆಯ ಹಿರಿಮಗಳು ಪದ್ಮಲೆ ಬಸುರಿ. ದಿನ ತುಂಬುವ ಮೊದಲೇ ಅವಳಿಗೆ ನೋವು ಕಾಣಿಸಿತು. ಮಗು ಅಡ್ಡ ತಿರುಗಿತ್ತು. ಅಂಥ ಹೆರಿಗೆ ಮಾಡಿಸಬಲ್ಲವಳು ಸೂಲಗಿತ್ತಿ ಈರಜ್ಜಿ ಒಬ್ಬಳೇ. ಅವಳ ಮನೆಯೋ ಏಳು ಬೆಟ್ಟದ ಆಚೆ. ಅವಳನ್ನು ಕನ್ನಡಿಯಲ್ಲಿ ಕರೆದರು. ತಂಗಿ ಮಲ್ಲಾಜಿ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ಹೆದರಬೇಡ ನನ್ನವ್ವಾ,” ಅಂದಳು ಈರಜ್ಜಿ ಕನ್ನಡಿಯೊಳಗಿಂದ. “ಎಡಕ್ಕೆ ಮಗ್ಗುಲಾಗು. ಆಮೇಲೆ…”

ಮಾತು ಅಲ್ಲಿಗೇ ನಿಂತಿತು. ಬಾಯಿ ತೆರೆದ ಈರಜ್ಜಿ ತೆರೆದ ಹಾಗೇ ಗೋಡೆಯ ಚಿತ್ರವಾಗಿಬಿಟ್ಟಳು.

ಪದ್ಮಲೆ ತಂಗಿಯ ಕೈ ಬಿಗಿಯಾಗಿ ಹಿಡಿದಳು. “ಮಲ್ಲೀ, ಆಮೇಲೆ ಏನಂತೆ?”

ಮಲ್ಲಾಜಿ ಅಕ್ಕನನ್ನು ದಾಸಿಯರಿಗೆ ಒಪ್ಪಿಸಿ ಪಡಸಾಲೆಗೆ ಓಡಿದಳು. ಅಲ್ಲಿ ಅಪ್ಪನ ಪಕ್ಕದಲ್ಲಿ ಮಾಂತ್ರಿಕ ಘಟಸಿದ್ಧ ನಿಂತಿದ್ದ. ದೊರೆಗೆ ಆನೆಯಷ್ಟು ದೊಡ್ಡ ಕನ್ನಡಿ ಕಾಣಿಕೆ ಕೊಟ್ಟಿದ್ದವನು ಅವನೇ.

“ಬೆಳಕು ಸಾಲದು ದೊರೆಯೇ,” ಅನ್ನುತ್ತಿದ್ದ. “ಎರಡನೇ ಎಳೆ ನಾನು ತರಿಸುತ್ತೇನೆ. ಹುಟ್ಟುವ ಕೂಸು ನನಗೆ.”

ದೊರೆ ತಲೆ ತಗ್ಗಿಸಿದ್ದ. ಮಗಳಾದರೂ ಉಳಿಯಲಿ ಅಂತ ಅವನ ಮನಸ್ಸು ವಾಲುತ್ತಿತ್ತು.

“ತಡೀರಿ ಅಪ್ಪಾಜಿ,” ಅಂದಳು ಮಲ್ಲಾಜಿ. “ಇರೋ ಬೆಳಕು ಎಲ್ಲಿ ಹೋಗ್ತಿದೆ ಅಂತ ನೋಡಿ ಬರ್ತೀನಿ. ಅಲ್ಲೀತನಕ ಮಾತು ಕೊಡಬೇಡಿ.”

ಮೊದಲು ತಮ್ಮ ಕೇತರಸನ ಕೋಣೆಗೆ ಹೋದಳು. ಅವನು ಕನ್ನಡಿಯಲ್ಲಿ ಪರದೇಶದ ರಾಜಕುಮಾರರ ಜೊತೆ ಯುದ್ಧದಾಟ ಆಡುತ್ತಿದ್ದ.

“ಈಗ ಬಿಟ್ಟರೆ ಕೋಟೆ ಹೋಗುತ್ತೆ ಅಕ್ಕಾ. ಇಷ್ಟು ದಿನ ಆಡಿದ್ದೆಲ್ಲ ನೀರಲ್ಲಿ ಹೋಮ.”

“ಹೋಗಲಿ ಬಿಡೋ ಶೂರ. ಅಲ್ಲಿ ಪದ್ಮಕ್ಕ ನಿಜವಾಗಿ ಸಾಯ್ತಿದಾಳೆ.”

ಕೇತರಸ ತಟ್ಟನೆ ಎದ್ದ. ಕನ್ನಡಿ ಆರಿಸಿದ. ಅತ್ತ ಈರಜ್ಜಿಯ ರೆಪ್ಪೆ ಒಮ್ಮೆ ಆಡಿತು, ಮತ್ತೆ ನಿಂತಿತು.

ಎರಡನೆಯದಾಗಿ ಸೋದರತ್ತೆ ಲಕುಮಾಂಬೆಯ ಕೋಣೆ. ಅವಳು ದೂರದ ಆಸ್ಥಾನಗಳ ನಾಟ್ಯ ನೋಡುತ್ತಿದ್ದಳು.

“ಒಂದು ಮುದುಕಿ ಕುಣಿತ ನೋಡಿದರೆ ಎಷ್ಟು ಮಹಾ ಬೆಳಕು ಖರ್ಚಾಗುತ್ತೆ ತಾಯಿ? ನನ್ನದೇ ಕಣ್ಣಿಗೆ ಬಿತ್ತಾ ನಿನಗೆ?” ಅಂದಳು. ಆದರೂ ವಿಷಯ ಕೇಳಿ ಕಣ್ಣೊರೆಸಿಕೊಂಡು ಕನ್ನಡಿ ಆರಿಸಿದಳು. ಅತ್ತ ಈರಜ್ಜಿ “ಉಸಿರು” ಅಂತ ಒಂದು ಮಾತಾಡಿ ಮತ್ತೆ ಕಲ್ಲಾದಳು.

ಉಳಿದದ್ದು ಅಪ್ಪನ ದೊಡ್ಡ ಕನ್ನಡಿ. ಅದರ ಮೇಲೆ ರೇಷ್ಮೆ ಹೊದಿಸಿತ್ತು. ನಿದ್ದೆ ಮಾಡುತ್ತಿದೆ ಅಂದುಕೊಂಡು ಮಲ್ಲಾಜಿ ಅದನ್ನು ದಾಟಿ, ಮೂರನೆಯದಾಗಿ ಯಾಳಿಯ ಹತ್ತಿರ ಹೋಗಿ ಅದರ ಪಾದಕ್ಕೆ ಹಣೆ ಹಚ್ಚಿದಳು.

“ಯಾಳಿಯಪ್ಪಾ, ನಮ್ಮ ಬೆಳಕು ಯಾರ ಪಾಲಾಗ್ತಿದೆ?”

ಕಲ್ಲು ಮಾತಾಡಿತು. “ನಿಮ್ಮಪ್ಪನ ಕನ್ನಡಿ ಪಾಲು. ರೇಷ್ಮೆ ಹೊದಿಸಿ ಅದರ ಕಣ್ಣು ಮುಚ್ಚಿದಿರಿ, ಬಾಯಿ ಮುಚ್ಚಲಿಲ್ಲ. ಅದು ಕುಡೀತಾನೇ ಇದೆ. ಕುಡಿದದ್ದು ಬೆನ್ನಿನಿಂದ ಘಟಸಿದ್ಧನ ಗವಿಗೆ ಹರಿದು ಹೋಗ್ತಿದೆ. ಹತ್ತು ಎಳೆ ತಂದರೂ ಅಷ್ಟೇ.”

“ಗೊತ್ತಿದ್ದೂ ಕೊಟ್ಟೆಯಾ?”

“ಯಾರ ಬಾಯಿ ದೊಡ್ಡದೋ ಅವರಿಗೆ ಹಾಕಿದೆ. ಯಾರಿಗೆ ಮೊದಲು, ಯಾರಿಗೆ ಎಷ್ಟು ಅಂತ ಈ ಮನೆಯವರು ಯಾವತ್ತಾದರೂ ಹೇಳಿದ್ದುಂಟಾ? ಮನೆಯ ಯಜಮಾನ ಬಂದು ಹೇಳಲಿ.”

ಮಲ್ಲಾಜಿ ಅಪ್ಪನನ್ನು ಕೈಹಿಡಿದು ಕರೆತಂದಳು. ದೊರೆ ತಡವರಿಸಿದ. “ದೊರೆಯ ಕನ್ನಡಿ ಕೊನೆಗಾ ಮಗಳೇ? ಜನ ಏನಂದಾರು?”

“ಊಟಕ್ಕೆ ಕೂತಾಗ ಹಸಿದ ಕೂಸಿಗೆ ಮೊದಲು ಬಡಿಸ್ತೀರಲ್ಲ ಅಪ್ಪಾಜಿ. ಆಗ ಜನ ಏನಂದರು?”

ಬೊಪ್ಪರಾಯ ಕಿರೀಟ ತೆಗೆದು ಯಾಳಿಯ ಮುಂದೆ ಇಟ್ಟ. “ಮೊದಲು ನನ್ನ ಪದ್ಮಲೆಯ ಕೋಣೆ,” ಅಂದ. “ಅವಳಿಗೆ ಸಾಕಾಗಿ ಮಿಕ್ಕಿದ್ದು ಮಗನಿಗೂ ತಂಗಿ ಲಕುಮಾಂಬೆಗೂ ಸಮಪಾಲು. ನನ್ನದು ಕೊನೆಗೆ. ಹೊರಗಿನವರಿಗೆ ಒಂದು ತೊಟ್ಟೂ ಇಲ್ಲ.”

ಯಾಳಿ ಬಾಯಿ ಮುಚ್ಚಿತು, ಮತ್ತೆ ತೆರೆಯಿತು. ಪಡಸಾಲೆಯಲ್ಲಿ ಘಟಸಿದ್ಧ ಕುಸಿದ. ಕದ್ದ ಬೆಳಕಿನಲ್ಲೇ ಬದುಕಿದ್ದವನು ಎಣ್ಣೆ ತೀರಿದ ಬತ್ತಿಯ ಹಾಗೆ ಕಪ್ಪಾಗಿ, ಹೊಗೆಯಾಗಿ ಕಿಟಕಿಯಿಂದ ಹೋದ.

ಪದ್ಮಲೆಯ ಕೋಣೆಯ ಕನ್ನಡಿ ಬೆಳಗಿತು. “ಎಲ್ಲಿ ಹೋಗಿದ್ರಿ ತಾಯಂದಿರಾ, ಆವಾಗಿಂದ ಕೂಗ್ತಿದೀನಿ,” ಅಂತ ಈರಜ್ಜಿ ಗದರಿದಳು. ಆಮೇಲೆ ಅವಳ ಒಂದು ಮಾತೂ ತುಂಡಾಗಲಿಲ್ಲ. ಅವಳು ಹೇಳಿದಂತೆ ಪದ್ಮಲೆ ಉಸಿರೆಳೆದಳು, ಅವಳು ಹೇಳಿದಂತೆ ದಾಸಿಯರು ಕೈಯಿಟ್ಟರು. ಹೊತ್ತು ಇಳಿಯುವ ಮುಂಚೆ ಕೂಸಿನ ಅಳು ಬಾಗಿಲಿನ ತನಕ ಕೇಳಿಸಿತು.

ಪದ್ಮಲೆ ಚೇತರಿಸಿಕೊಂಡು ಮಗಳನ್ನು ಸೊಂಟದ ಮೇಲೆ ಹೊತ್ತು ಓಡಾಡಿದಳು. ಕೇತರಸ ಕಳೆದುಕೊಂಡ ಕೋಟೆಯನ್ನು ಮತ್ತೆ ಗೆದ್ದ, ಅತ್ತೆಯ ನಾಟ್ಯ ಮುಗಿದ ಮೇಲೆ. ಅವನು ತನಗಾಗಿ ಕಾದದ್ದನ್ನು ಲಕುಮಾಂಬೆ ಊರೆಲ್ಲ ಹೇಳಿಕೊಂಡು ಬಂದಳು. ಬೊಪ್ಪರಾಯ ದೊಡ್ಡ ಕನ್ನಡಿಯನ್ನು ಒಡೆಸಿ, ಅಂಗೈಯಷ್ಟು ಕನ್ನಡಿಯೊಂದನ್ನು ಇಟ್ಟುಕೊಂಡು, ತನ್ನ ಸರದಿ ಬರುವ ತನಕ ಮೊಮ್ಮಗಳನ್ನು ಆಡಿಸುತ್ತಿದ್ದ. ಮಲ್ಲಾಜಿ ಮುಂದೆ ಆ ನಾಡಿನ ರಾಣಿಯಾಗಿ ಎಲ್ಲರ ಪಾಲು ಎಲ್ಲರಿಗೆ ಮುಟ್ಟಿಸಿದಳು. ಈರಜ್ಜಿಗೆ ಪಲ್ಲಕ್ಕಿ ಕಳಿಸಿದರು. ಅವಳು ಏಳು ಬೆಟ್ಟ ದಾಟಿ ಬಂದು, ಕನ್ನಡಿಯಲ್ಲಿ ಹೆರಿಗೆ ಮಾಡಿಸಿದ ಕೂಸನ್ನು ಮಡಿಲಿಗೆ ಹಾಕಿಕೊಂಡು, ಬೆರಳೊಂದೊಂದೇ ಮುಟ್ಟಿ ಮುಟ್ಟಿ ನೋಡಿದಳು.