ಬಾಗಿಲ ಹಿಂದಿನ ತಾರೀಕುಗಳು

"ಕೈ ಕೊಡಿ."

ಲೋಲಾಕ್ಷಿ ಬೆಚ್ಚಿಬಿದ್ದಳು. ಊರಿಗೆ ಬಂದು ಎಂಟೇ ದಿನ, ಗುರುತಿಲ್ಲದ ಗಂಡಸು ಜಗಲಿಯಲ್ಲಿ ನಿಂತು ಕೈ ಕೇಳುವುದೇ!

"ಹೆದರ್ಬೇಡಿ. ನಾನು ಸುಧಾಕರ, ಸರಕಾರದ ಮಲೇರಿಯಾ ಕೆಲಸದವ. ನಿಮಗೆ ಜ್ವರ ಅಂತ ನಿಮ್ಮ ಅಮ್ಮ ಹೇಳಿದ್ರು. ಒಂದು ಹನಿ ರಕ್ತ ಸಾಕು."

ನಾಚಿಕೆಯಿಂದ ಬಲಗೈ ಚಾಚಿದಳು.

"ಅದು ಬೇಡ. ಬೀಡಿ ಕಟ್ಟುವ ಕೈಯಲ್ವಾ? ಎಡದ್ದು ಕೊಡಿ."

ಅಯ್ಯೋ... ಇಷ್ಟು ಬೇಗ ಅದನ್ನೂ ನೋಡಿಬಿಟ್ಟನೇ!

ಸೂಜಿ ತಾಗಿದ್ದೇ ತಿಳಿಯಲಿಲ್ಲ. ಹನಿಯನ್ನು ಗಾಜಿನ ಪಟ್ಟಿಗೆ ಸವರಿ, ಮಾತ್ರೆ ಕೊಟ್ಟು, ಬಂದುಹೋದ ಗುರುತಿಗೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಅವನು ಸೈಕಲ್ ಹತ್ತಿದ.

ಜ್ವರ ಮೂರು ದಿನಕ್ಕೆ ಬಿಟ್ಟಿತು. ಅವನ ನೆನಪು ಬಿಡಲಿಲ್ಲ. ವಾರ ವಾರವೂ ಬರುತ್ತಿದ್ದ. "ಜ್ವರ ಉಂಟಾ?" ಎನ್ನುತ್ತಿದ್ದ. "ಇಲ್ಲ" ಎಂದರೂ ಎರಡು ಮಾತಾಡಿ, ತಾರೀಕು ಬರೆದೇ ಹೋಗುತ್ತಿದ್ದ. ಮಧ್ಯಾಹ್ನದ ಬಿಸಿಲಲ್ಲಿ ಬೀಡಿ ಕಟ್ಟುತ್ತಾ ಆ ಅಂಕಿಗಳನ್ನೇ ನೋಡಿ ಅವಳು ಒಬ್ಬಳೇ ನಗುತ್ತಿದ್ದಳು.

ಒಂದು ದಿನ ನೆರೆಮನೆಯ ಆಯಿಶಮ್ಮನಲ್ಲಿಗೆ ಹೋದಳು. ಅವರ ಬಾಗಿಲಲ್ಲಿ ಆ ತಿಂಗಳ ತಾರೀಕು ಎರಡೇ!

"ಹದಿನೈದು ದಿನಕ್ಕೊಮ್ಮೆ ಅಲ್ವಾ ಅವ ಬರುವುದು?" ಎಂದರು ಆಯಿಶಮ್ಮ.

ಹಾಗಾದರೆ ತಮ್ಮ ಬಾಗಿಲಲ್ಲಿ ನಾಲ್ಕು ಯಾಕೆ?

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಚಾರ್ಮಾಡಿಗೆ ಬಂದವರು ತಾಯಿ ಮಗಳು. ಇಲ್ಲಿ ಎಲ್ಲರ ಬಾಯಲ್ಲೂ 'ಕೇರಳದವರು'. ಹೊರಗಿನವರೇ ಜ್ವರ ತರುವುದು ಎಂಬ ಅನುಮಾನ ಇವನಿಗೂ ಉಂಟೇ? ಆ ನಗು, ಆ ಮಾತು... ಎಲ್ಲ ಬರೀ ಕಾವಲೇ?

ಮುಂದಿನ ಸಲ ಅವನು ಬಂದಾಗ ಒದ್ದೆ ಬಟ್ಟೆ ಹಿಡಿದು, ಅವನೆದುರೇ ತಾರೀಕುಗಳನ್ನೆಲ್ಲ ಒರೆಸಿದಳು.

"ಹೊರಗಿನವರು ಅಂತ ತಾನೆ ಈ ಪಹರೆ? ಈ ಊರಿಗೆ ಜ್ವರ ನಾವು ತಂದದ್ದಾ? ಇನ್ನು ಬರ್ಬೇಡಿ!"

ಸುಧಾಕರನ ಮುಖ ಬಿಳಿಚಿತು. ಸೈಕಲ್ ತಿರುಗಿಸಿ ಹೊರಟುಹೋದ.

ಮರುವಾರ ಅವನು ಬರಲಿಲ್ಲ. ಖಾಲಿ ಬಾಗಿಲು ನೋಡಿ ನೋಡಿ ಅವಳಿಗೆ ಅಳು ಬಂತು. ಬೇಡ ಎಂದವಳು ತಾನೇ ಅಲ್ಲವೇ!

ಅದರ ಮುಂದಿನ ವಾರ ಸೈಕಲ್ ಗಂಟೆ ಕೇಳಿಸಿತು. ಅವನು ಅಂಗಳದಲ್ಲೇ ನಿಂತ.

"ಇವತ್ತು ಸರಕಾರದ ದಿನ, ಬರಲೇಬೇಕು. ಇದನ್ನೊಮ್ಮೆ ನೋಡಿ." ದಾಖಲೆ ಪುಸ್ತಕ ಬಿಚ್ಚಿ ಹಿಡಿದ. ಅದರಲ್ಲಿ ಇವರ ಮನೆಯ ಹೆಸರಿನ ಮುಂದೆಯೂ ತಿಂಗಳಿಗೆ ಎರಡೇ ತಾರೀಕು!

"ಉಳಿದ ದಿನಗಳು?"

"ರಜೆ ಇದ್ದಾಗ ಬಂದದ್ದು... ಬೆಳ್ತಂಗಡಿಯಿಂದ ಸೈಕಲ್ ತುಳಿದುಕೊಂಡು."

"ಮತ್ತೆ ಬಾಗಿಲಲ್ಲಿ ಯಾಕೆ ಬರೆದದ್ದು?"

"ಬರೆಯದಿದ್ರೆ ಯಾಕೆ ಬಂದೆ ಅಂತ ನಿಮ್ಮ ಅಮ್ಮ ಕೇಳ್ತಾರಲ್ಲ!"

ಲೋಲಾಕ್ಷಿಗೆ ನಗುವೂ ಕಣ್ಣೀರೂ ಒಟ್ಟಿಗೇ ಬಂದವು. ತಪ್ಪು ತಿಳಿದೆನಲ್ಲಾ... ಈ ಊರಲ್ಲಿ ತನ್ನನ್ನು ಹೊರಗಿನವಳೆಂದು ನೋಡದವನು ಇವನೊಬ್ಬನೇ ಆಗಿದ್ದ!

ಅವನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಬಾಗಿಲ ಹಿಂದೆ ಬರುವ ಭಾನುವಾರದ ತಾರೀಕು ಬರೆದಳು.

"ಆ ದಿನ ನಿಮ್ಮ ಅಮ್ಮನನ್ನೂ ಕರ್ಕೊಂಡು ಬನ್ನಿ."

ಅವನು ಪುಸ್ತಕದ ಹಾಳೆ ತಿರುವಿದ. "ಪುಸ್ತಕದಲ್ಲಿ ಏನಂತ ಬರೀಲಿ?"

"ಬರೆಯುವುದು ಬೇಡ," ಎಂದಳು ತಲೆ ತಗ್ಗಿಸಿ. "ಬಂದ್ರೆ ಸಾಕು."