ಸೋಮವಾರದ ಎಣಿಕೆ

ಲಾರಿ ಬರುತ್ತಿರುವುದು ಕಿವಿಗಿಂತ ಮೊದಲು ನನ್ನ ಬೆನ್ನಿಗೆ ತಿಳಿಯಿತು.

ರಸ್ತೆಯ ಮೇಲೆ ಅಂಗಾತ ಬಿದ್ದಿದ್ದೆ. ನೆಲ ಸಣ್ಣಗೆ ನಡುಗುತ್ತಿತ್ತು. ಕೈಕಾಲು ಕಟ್ಟಿದ್ದು ಬಂಡಿಯ ಹಗ್ಗದಿಂದ... ಬಿಚ್ಚುವ ಮಾತೇ ಇಲ್ಲ! ಎಡಕ್ಕೆ ಬಂಡೆ, ಬಲಕ್ಕೆ ಬಂಡೆ. ನಡುವೆ ಒಂದೇ ಒಂದು ಲಾರಿ ಹಿಡಿಸುವಷ್ಟು ದಾರಿ. ಭಂಕೂರಿನಿಂದ ವಾಡಿ ಸ್ಟೇಷನ್ನಿಗೆ ಹೋಗುವವರು ಇದನ್ನು ಕಲ್ಲುಸಂದು ಎನ್ನುತ್ತಾರೆ. ನನ್ನ ತಲೆಯ ಆಚೆ ತಿರುವು. ತಿರುವಿನ ಆಚೆ ಏನಿದೆಯೋ ಕಾಣುವುದಿಲ್ಲ.

ಬೆಳಗಿನ ಹತ್ತು ಗಂಟೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಬಂಡೆಯ ಮೇಲೆ ಜಟ್ಟೆಪ್ಪ ಕುಳಿತು ಬೀಡಿ ಸೇದುತ್ತಿದ್ದ. ಭಂಕೂರಿನ ಬಂಡಿಕಾರ, ಗರಡಿಯಲ್ಲಿ ಬೆಳೆದ ಮೈ. ಅವನನ್ನು ಕಂಡ ಕೂಡಲೇ ಸೈಕಲ್ ಎಸೆದು ಓಡಿದ್ದೆ. ಇನ್ನೂರು ಹೆಜ್ಜೆಯಲ್ಲಿ ಹಿಡಿದ. ಜೋಳದ ಚೀಲದ ಹಾಗೆ ಹೆಗಲಿಗೇರಿಸಿ ತಂದು ಇಲ್ಲಿ ಇಳಿಸಿದ. ಮುಖದಲ್ಲಿ ಸಿಟ್ಟಿನ ಸುಳಿವೇ ಇಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

"ಅಂಜಬ್ಯಾಡ ಬಸವಂತರಾಯ," ಎಂದ. "ನೀನೇ ಕಾಗದದಾಗ ಬರದೀದಿ. ಈ ಸಂದಿನ್ಯಾಗ ಡ್ರೈವರಗ ಮುಂದಿಂದು ದೂರಿಂದೇ ಕಾಣ್ತದ, ಲಾರಿ ಟೈಮಿಗಿ ನಿಂದರ್ತದ ಅಂತ. ಖರೇ ಬರದಿದ್ರ ನಿನಗೇನೂ ಆಗಂಗಿಲ್ಲ."

ಬರೆದದ್ದು ನಾನೇ!

ನಾನು ಯಾರೆಂದು ಹೇಳಿಬಿಡುತ್ತೇನೆ. ನಿಜಾಮನ ಕಾಲದಲ್ಲಿ ಅಮೀನನಾಗಿದ್ದೆ, ಅಂದರೆ ಠಾಣೆಗೆ ದೊಡ್ಡ ಸಾಹೇಬ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಮನೆಗೆ ಕಳಿಸಿದರು. ಬೇರೆ ಕಸುಬು ಕಲಿತವನಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ... ಯಾರಿಗೆ ಏನು ಅಡ್ಡ ಬಂದರೂ ನನಗೆ ಹೇಳಿಕಳಿಸುತ್ತಾರೆ. ಅಡ್ಡ ಬಂದದ್ದನ್ನು ನಾನು ಸರಿಸುತ್ತೇನೆ.

ಐವತ್ನಾಲ್ಕರಲ್ಲಿ ಅಡ್ಡ ಬಂದದ್ದು ಎತ್ತಿನ ಬಂಡಿಗಳು.

ಭಂಕೂರಿನ ಹತ್ತಿರ ಕಲ್ಲು ಒಡೆಯುವ ಹೊಸ ಕಾರ್ಖಾನೆ ಎದ್ದಿತ್ತು. ಅದರ ಲಾರಿಗಳು ವಾಡಿಗೆ ಹೋಗಬೇಕಾದರೆ ಈ ಸಂದಿನಲ್ಲೇ ನುಗ್ಗಬೇಕು. ಲಾರಿ ಬಂದರೆ ದಾರಿಯ ಗತಿ ಏನಾಗುತ್ತದೆಂದು ನೋಡಲು ಹೈದರಾಬಾದಿನಿಂದ ಇಂಜಿನಿಯರ್ ಶಹಾಬುದ್ದೀನ ಸಾಹೇಬರು ಬಂದರು. ಸಂಭಾವಿತ ಮನುಷ್ಯ, ಪಾಪ. ಅವರ ಮಾತು ನೇರ: ಮೂರು ದಿನ ಎಣಿಸಿ. ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಬಂಡಿ ಓಡಿದರೆ, ಸಂದನ್ನು ಬಳಸಿ ಹೋಗುವ ಬೇರೆ ಬಂಡಿದಾರಿಯನ್ನು ಕಾರ್ಖಾನೆ ಮಾಡಿಕೊಡಬೇಕು. ಅಲ್ಲಿಯವರೆಗೆ ಒಂದು ಲಾರಿಯೂ ಹೊರಡಕೂಡದು.

ಕಾರ್ಖಾನೆಯ ಮ್ಯಾನೇಜರ್ ನನ್ನನ್ನು ಕರೆಸಿದ. ಬಂಡಿಗಳನ್ನು ಬಡಿದು ಓಡಿಸಬಹುದೇ ಎಂದು ಕೇಳಿದ. ಹೊರಗಿನವನು... ಬುದ್ಧಿ ಅಷ್ಟೇ!

ಬಡಿಯುವುದೇಕೆ, ಎಣಿಸುವ ಕೆಲಸ ನನಗೇ ಕೊಡಿಸಿ ಎಂದೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ಮೈ ತೊಳೆದು, ಮೇವು ಹಾಕಿ, ಕೈ ಮುಗಿದು ಕೊಟ್ಟಿಗೆಯಲ್ಲಿ ಬಿಡುತ್ತಾರೆ. ನನ್ನ ತಂದೆಯೂ ಹಾಗೇ ಮಾಡುತ್ತಿದ್ದ. ಹೈದರಾಬಾದಿನ ಸಾಹೇಬರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಮೂರು ಸೋಮವಾರ ಎಣಿಸಿದೆ.

ಬಂದದ್ದು ಹನ್ನೊಂದು, ಒಂಬತ್ತು, ಹನ್ನೆರಡು. ಹೆಚ್ಚಿನವು ಮುಸಲ್ಮಾನರ ಬಂಡಿಗಳು. ಕಾಗದದ ಮೇಲೆ ವಾರ ಬರೆಯಲಿಲ್ಲ, ತಾರೀಖಷ್ಟೇ ಬರೆದೆ. ಇಷ್ಟು ಕಡಿಮೆಯೇ ಎಂದು ಸಾಹೇಬರು ಹುಬ್ಬೇರಿಸಿದರು. ಜನ ಈಗ ರೈಲಿಗೆ ಹೊರಳಿದ್ದಾರೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಿರಲಿ ಎಂದು, ತಿರುವಿನಲ್ಲಿ ದಾರಿ ಚೆನ್ನಾಗಿ ಕಾಣುತ್ತದೆ ಎಂದೂ ಸೇರಿಸಿದೆ.

ನನ್ನ ಕೆಲಸ ಗುರುತಿಸಿದವಳು ಒಬ್ಬಳೇ. ನೀಲಾಬಾಯಿ. ಜಟ್ಟೆಪ್ಪನ ಅತ್ತಿಗೆ. ಅವಳ ಗಂಡ ಸಾಯಬಣ್ಣ ದಿನಾ ಇದೇ ಸಂದಿನಲ್ಲಿ ವಾಡಿಗೆ ಬಂಡಿಯಲ್ಲಿ ಹಾಸುಗಲ್ಲು ಸಾಗಿಸುತ್ತಿದ್ದ. ಸಾಹೇಬರು ಲಾರಿಗಳ ಪರವಾನಗಿಗೆ ಸಹಿ ಹಾಕುವ ಮುನ್ನಾದಿನ ನನ್ನ ಕಟ್ಟೆಯ ಕೆಳಗೆ ಬಂದು ನಿಂತಳು.

"ಯಣ್ಣಾ, ನೀವೂ ಲಿಂಗ ಕಟ್ಟಿದವ್ರು," ಎಂದಳು. "ಮಂಗಳವಾರ ಒಂದಿನ ಎಣಸ್ರಿ. ನಮ್ಮ ಮನಿಯವ್ರು ಆ ಸಂದಿನ್ಯಾಗ ಲಾರಿಗಿ ಎದುರಾದ್ರ ಎಲ್ಲಿ ಸರೀಬೇಕ್ರಿ?"

ಎಣಿಸುತ್ತೇನೆ ತಂಗೆವ್ವಾ, ನಿಶ್ಚಿಂತೆಯಿಂದ ಹೋಗು ಎಂದೆ. ಅವಳು ನನ್ನ ಕಾಲು ಮುಟ್ಟಿ ಹೋದಳು.

ಮರುದಿನ ಸಹಿ ಆಯಿತು.

ಲಾರಿ ಹೊರಟ ಎಂಟನೇ ದಿನ ಸಾಯಬಣ್ಣ ಸತ್ತ. ಅದೂ ಮಂಗಳವಾರವೇ. ಲಾರಿ ತಿರುವಿನಲ್ಲಿ ಬಂತು. ಬಂಡಿ ಸರಿಯಲು ಜಾಗವಿರಲಿಲ್ಲ. ಒಂದು ಎತ್ತು ಅಲ್ಲೇ ಹೋಯಿತು, ಇನ್ನೊಂದು ಸಂಜೆಯವರೆಗೆ ಒದ್ದಾಡಿತು. ಅವನನ್ನು ಹಾಸುಗಲ್ಲಿನ ಅಡಿಯಿಂದ ಎತ್ತಿದರು. ನಾನೂ ಹೋಗಿ ನೋಡಿದೆ. ನೋಡಬಾರದಿತ್ತು. ಆದರೂ ಪಂಚನಾಮೆಯಲ್ಲಿ ಬಂಡಿ ನಡುದಾರಿಯಲ್ಲಿತ್ತು ಎಂದು ಬರೆಸಿದೆ. ಅದಂತೂ ಸುಳ್ಳಲ್ಲ. ಆ ಸಂದಿನಲ್ಲಿ ದಾರಿಗೆ ನಡು ಬಿಟ್ಟರೆ ಬೇರೇನಿದೆ?

ಸಾವಿನ ಸುದ್ದಿ ಹೈದರಾಬಾದಿಗೆ ಮುಟ್ಟಿತು. ಶಹಾಬುದ್ದೀನ ಸಾಹೇಬರು ಮತ್ತೆ ಹೊರಟು ಬಂದರು. ಇವತ್ತು ಕಾರ್ಖಾನೆಯ ಲಾರಿಯಲ್ಲೇ ಕುಳಿತು ಸಂದು ನೋಡಲು ಬರುವವರಿದ್ದರು. ಮೊದಲೇ ಹೋಗಿ ನಿಂತಿರೋಣ ಎಂದು ನಾನು ಸೈಕಲ್ ಹತ್ತಿದೆ.

ನನಗಿಂತ ಮೊದಲೇ ಜಟ್ಟೆಪ್ಪ ಬಂದು ನಿಂತಿದ್ದ.

ಈಗ ಸದ್ದು ಕಿವಿಗೂ ಬಂತು. ಗೇರು ಬದಲಿಸುವ ಸದ್ದು... ಏರು ಹತ್ತುತ್ತಿತ್ತು.

ತಿರುವಿನ ಮೇಲಿನ ಬಂಡೆಯಲ್ಲಿ ನೀಲಾಬಾಯಿ ನಿಂತಿದ್ದಳು. ಕೈಯಲ್ಲಿ ಕೆಂಪು ಬಟ್ಟೆ. ಅಲ್ಲಿಂದ ಅವಳಿಗೆ ಲಾರಿಯೂ ಕಾಣುತ್ತದೆ, ನಾನೂ ಕಾಣುತ್ತೇನೆ. ಬಟ್ಟೆ ಬೀಸಿದರೆ ಲಾರಿ ನಿಂತೀತು. ಬೀಸದಿದ್ದರೆ ಇಲ್ಲ. ಬೀಸು ಎಂದು ಹೇಳಬೇಕಾದವನು ಜಟ್ಟೆಪ್ಪ.

"ಯಾವ ವಾರ ಎಣಸೀದಿ?" ಎಂದ. "ಆಕಿಗಿ ಕೇಳಂಗ ಹೇಳು."

"ಸೋಮವಾರ!" ಎಂದು ಕೂಗಿದೆ. "ಮೂರೂ ಸೋಮವಾರ! ಬೇಕಂತಲೇ ಎಣಿಸಿದೆ!"

ಬಂಡೆಗೆ ಬಡಿದು ನನ್ನ ದನಿ ನನಗೇ ಕೇಳಿಸಿತು. ನಾಚಿಕೆಯೇನೂ ಆಗಲಿಲ್ಲ. ಬದುಕಬೇಕೆನಿಸಿತು, ಅಷ್ಟೇ.

ಜಟ್ಟೆಪ್ಪ ಬೀಡಿ ಆರಿಸಿದ. ಅತ್ತಿಗೆಯ ಕಡೆ ತಿರುಗಲೇ ಇಲ್ಲ.

"ಬೀಸು ಅನ್ನು!" ಎಂದೆ. "ಹೇಳಿದೆನಲ್ಲ!"

"ಕೇಳ್ದೆ," ಎಂದ. "ಈಗ ಲಾರಿ ಬರಲಿ."

ನಿಜ ಹೇಳುತ್ತೇನೆ, ಆಗ ನಾನು ಅತ್ತೆ. ನಲವತ್ತೆಂಟರ ಗಲಾಟೆಯಲ್ಲಿ ಕತ್ತಿಗೆ ಎದುರು ನಿಂತವನು ಅವತ್ತು ಕೂಸಿನ ಹಾಗೆ ಅತ್ತೆ. ಕಣ್ಣು ಮುಚ್ಚಿಕೊಂಡೆ.

ಬ್ರೇಕಿನ ಚೀರಾಟ! ಜಲ್ಲಿ ಸಿಡಿದು ಮುಖಕ್ಕೆ ಹೊಡೆಯಿತು. ಬಿಸಿ ಎಣ್ಣೆಯ ವಾಸನೆ...

ಕಣ್ಣು ತೆರೆದರೆ ಟೈರು ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು.

ಮೈದುನ ಹೇಳದಿದ್ದರೂ ನೀಲಾಬಾಯಿ ಬೀಸಿದ್ದಳು. ಇನ್ನೂ ಬೀಸುತ್ತಲೇ ಇದ್ದಳು. ಜಟ್ಟೆಪ್ಪ ಅವಳನ್ನೇ ನೋಡುತ್ತ ಕುಳಿತಿದ್ದ, ಓಡಲಿಲ್ಲ.

ಡ್ರೈವರ್ ಮೆಹತಾಬ್ ಇಳಿದವನೇ ಚಕ್ರದ ಪಕ್ಕ ವಾಂತಿ ಮಾಡಿಕೊಂಡ. ಸಾಹೇಬರು ಇಳಿದರು. ನನ್ನ ಕಟ್ಟು ಬಿಚ್ಚಿಸುವ ಮೊದಲು ಟೇಪು ಹಿಡಿದು ಅಳೆದರು. ಬಟ್ಟೆ ಬೀಸಿದ್ದು ಎಲ್ಲಿ ಕಂಡಿತು, ಲಾರಿ ಎಲ್ಲಿ ನಿಂತಿತು, ನಾನು ಎಲ್ಲಿ ಬಿದ್ದಿದ್ದೇನೆ. ಬಟ್ಟೆ ಕಾಣದಿದ್ದರೆ ಏನಾಗುತ್ತಿತ್ತು ಎಂದು ಮೆಹತಾಬನನ್ನು ಕೇಳಿದರು.

"ಖತಂ ಆಗ್ತಿದ್ರು ಸಾಬ್."

ಹಗ್ಗ ಬಿಚ್ಚಿದ ಕೂಡಲೇ ನನ್ನ ಬುದ್ಧಿ ಮರಳಿ ಬಂತು. ಸೋಮವಾರದ ಉಪಾಯ ಪೂರ್ತಿ ಮ್ಯಾನೇಜರನದು ಎಂದೆ. ಬೆದರಿಸಿ ಮಾಡಿಸಿದ ಎಂದೆ. ನೀಲಾಬಾಯಿ ನನ್ನ ಮುಖ ನೋಡಿದಳು. ಮ್ಯಾನೇಜರ್ ಊರು ಬಿಟ್ಟ. ಜಟ್ಟೆಪ್ಪನ ಮೇಲೆ ಕೇಸು ಹಾಕಿಸಿದ್ದು ನಾನೇ. ಸತ್ತಿದ್ದರೆ ಸಾಕ್ಷಿ ಹೇಳಲು ಯಾರಿರುತ್ತಿದ್ದರು? ಬದುಕಿದ್ದೆ, ಹೋಗಿ ಹೇಳಿದೆ. ಅವನಿಗೆ ನಾಲ್ಕು ವರ್ಷ ಜೈಲು ಬಿತ್ತು. ನೀಲಾಬಾಯಿಯ ಹೆಸರನ್ನು ಎತ್ತಲಿಲ್ಲ. ಅಷ್ಟು ಮಾತ್ರ ಮಾಡಿದೆ.

ಹೈದರಾಬಾದಿನಿಂದ ಹುಕುಂ ಬಂತು. ಬಂಡಿಗಳಿಗೆ ಬೇರೆ ದಾರಿ! ಭಂಕೂರಿನಲ್ಲಿ ಸಕ್ಕರೆ ಹಂಚಿದರು.

ನಕ್ಷೆ ಆಮೇಲೆ ಬಂತು. ಸಂದಿನ ಒಂದು ಪಕ್ಕ ಕಾರ್ಖಾನೆಯ ಕಲ್ಲುಗಣಿ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಪಕ್ಕ ಸಾಯಬಣ್ಣ ಬಿಟ್ಟುಹೋದ ಎರಡು ಎಕರೆ ಹೊಲ. ದಾರಿ ಅದರ ನಟ್ಟನಡುವೆ ಹಾದಿತ್ತು. ಅತ್ತ ಒಂದು ಚೂರು, ಇತ್ತ ಒಂದು ಚೂರು... ಬಿತ್ತಲು ಬರುವ ಹಾಗಿಲ್ಲ.

ಹೊಸ ಮ್ಯಾನೇಜರ್ ನನ್ನನ್ನು ಕರೆಸಿದ. ಹೊಲ ಬಿಡಬೇಕೆಂಬ ನೋಟೀಸು ತೆಗೆದುಕೊಂಡು ಹೋದೆ.

ಬಾಗಿಲಲ್ಲೇ ಓದಿ ಹೇಳಿದೆ. ನೀಲಾಬಾಯಿ ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲೂ ಇಲ್ಲ. ಮಸಿ ಹಚ್ಚಿದ ಹೆಬ್ಬೆರಳು ಕಾಗದದ ಮೇಲೆ ಒತ್ತಿದಳು.

"ಅವತ್ತ ನಾ ಬಟ್ಟಿ ಬೀಸಬಾರದಿತ್ತು," ಎಂದಳು.

ಖರೇ ತಂಗೆವ್ವಾ ಎಂದೆ. ಇನ್ನೊಂದು ಪ್ರತಿಗೂ ಹೆಬ್ಬೆಟ್ಟು ಒತ್ತಿಸಿಕೊಂಡೆ.